ಪದಚರ್ಚೆ: ‘ಜೋಮು’, ‘ಮರಗಟ್ಟು’, ‘ನೆಟಿಗೆ’ – ಬೈಪಾಸ್ ಆದವರ ಎದೆಗೆ ಯಾವ ಮಾತು?

ಎಲ್ಲರಿಗೂ ನಮಸ್ಕಾರ.

ಅಪ್ಪ ಬೈಪಾಸ್ ಮಾಡಿಸಿಕೊಂಡು ಮನೆಗೆ ಬಂದು ಮೂರು ವಾರ. ದಿನಾ ಸಂಜೆ ಫೋನಿನಲ್ಲಿ ನರ್ಸಮ್ಮನಿಗೆ ವರದಿ ಒಪ್ಪಿಸುವುದು ನನ್ನ ಕೆಲಸ. ಎಡವುತ್ತಿರುವುದು ಅಲ್ಲೇ.

‘ಎಡಗಡೆ ಎದೆ ಜೋಮು ಹಿಡಿದಿದೆ’ ಅಂದರು ಅಪ್ಪ. ಹಾಗೇ ಒಪ್ಪಿಸಿದೆ. ‘ಜುಮುಜುಮು ಅನ್ನುತ್ತಾ, ಇಲ್ಲಾ ಮುಟ್ಟಿದರೂ ಗೊತ್ತಾಗಲ್ವಾ?’ ಅಂತ ಆಕೆ ಕೇಳಿದರು. ಹೌದಲ್ವಾ! ಚಕ್ಕಳಮಕ್ಕಳ ಹಾಕಿ ಕೂತಾಗ ಕಾಲಿಗೆ ಹಿಡಿಯುವುದು ಜೋಮು. ಸ್ವಲ್ಪ ಓಡಾಡಿದರೆ ಬಿಡುತ್ತದೆ. ಅಪ್ಪನಿಗೆ ಬನಿಯನ್ ತಾಕಿದ್ದೂ ತಿಳಿಯುವುದಿಲ್ಲ. ಎದೆಗೂಡಿನ ಒಳಗಿನ ರಕ್ತನಾಳ ಬಿಡಿಸಿ ಹೃದಯಕ್ಕೆ ಜೋಡಿಸುವಾಗ ಅಲ್ಲಿನ ಸಣ್ಣ ನರಗಳಿಗೆ ಪೆಟ್ಟಾಗುತ್ತದಂತೆ. ಸರಿಹೋಗಲು ತಿಂಗಳುಗಟ್ಟಲೆ ಬೇಕಂತೆ. ‘ಮರಗಟ್ಟಿದೆ’ ಅನ್ನೋಣವೆಂದರೆ ಅಮ್ಮ ಗದರಿದರು: ‘ಬದುಕಿರೋ ಮನುಷ್ಯನ ಎದೆಗೆ ಹಾಗಂತಾರೇನೋ?’ ‘ಸ್ಪರ್ಶಜ್ಞಾನ ಇಲ್ಲ’ ಅಂದರೆ ಕುಷ್ಠರೋಗದ ಗೋಡೆಬರಹ ನೆನಪಾಗುತ್ತದೆ.

ಅದಿರಲಿ, ನಿಜವಾದ ತೊಡಕು ನೆಟಿಗೆಯದು. ಮೊನ್ನೆ ರಾತ್ರಿ ಮಗ್ಗುಲು ಬದಲಿಸುವಾಗ ‘ಎದೆಯಲ್ಲಿ ನೆಟಿಗೆ ಮುರಿದ ಹಾಗಾಯ್ತು’ ಅಂದರು ಅಪ್ಪ. ನೆಟಿಗೆ ಅಂದರೆ ನಮಗೆ ಹಿತವಾದದ್ದು. ಮಗುವಿಗೆ ದೃಷ್ಟಿ ತೆಗೆದು ಅಜ್ಜಿ ಮುರಿಯುವಂಥದ್ದು. ಸುಮ್ನೆ ಬಿಟ್ಟೆ. ಮಾರನೇ ದಿನ ಮಾತಿನ ನಡುವೆ ಹೇಳಿದೆ, ನರ್ಸಮ್ಮನ ದನಿಯೇ ಬದಲಾಯಿತು. ಆಪರೇಷನ್‌ಗೆ ಎದೆಮೂಳೆಯನ್ನು ಉದ್ದಕ್ಕೆ ಸೀಳಿ, ಆಮೇಲೆ ಸ್ಟೀಲ್ ತಂತಿಯಿಂದ ಬಿಗಿದಿರುತ್ತಾರೆ. ಅದು ಕೂಡಿಕೊಳ್ಳಲು 6ರಿಂದ 8 ವಾರ, ಕೆಲವರಿಗೆ 12. ಅಷ್ಟರೊಳಗೆ ಒಳಗೆ ‘ಕಟಕ್’ ಅಂದರೆ ಮೂಳೆಯ ಎರಡು ಹೋಳು ಅಲುಗಾಡುತ್ತಿರಬಹುದು. ತಡಮಾಡದೆ ತೋರಿಸಬೇಕು. ತೋರಿಸಿದೆವು. ತಂತಿ ಗಟ್ಟಿಯಾಗೇ ಇತ್ತು, ಪುಣ್ಯ.

ಉಸಿರಿನ ವಿಷಯದಲ್ಲಿ ಉಲ್ಟಾ. ಮೆಟ್ಟಿಲು ಹತ್ತಿ ಬಂದ ಅಪ್ಪನಿಗೆ ಅತ್ತೆ ‘ಮೇಲುಸಿರು ಬರ್ತಿದೆ’ ಅಂದುಬಿಟ್ಟರು, ಮನೆಯೆಲ್ಲ ಗಾಬರಿ. ಅದು ಬರೀ ಏದುಸಿರು.

ಈಗ ನನ್ನ ಪ್ರಶ್ನೆ. ಮುಟ್ಟಿದರೆ ತಿಳಿಯದ ಚರ್ಮಕ್ಕೆ ನಿಮ್ಮ ಕಡೆ ಏನಂತಾರೆ? ಆಸ್ಪತ್ರೆಯ ಪದ ಬೇಡ, ಮನೆಯಲ್ಲಿ ಆಡುವ ಮಾತು ಸಾಕು. ಎದೆಮೂಳೆಯ ಆ ಸದ್ದಿಗೂ ಒಂದು ಪದ ಬೇಕು. ಹಳೇ ಮಂಚದ ಕೀಲು ಸಡಿಲಾದಾಗ ಬರುತ್ತಲ್ಲ, ಅಂಥದ್ದು. ಬಡಗಿಗಳ ಮಾತು ಬಲ್ಲವರು ಯಾರಾದರೂ ಇದ್ದೀರಾ?