ಯಾರು ಕರೆದರೂ ಹೋಗುವ ಮಗು: ಅನುಭವವಿದ್ದವರು ಹೇಳಿ

ಕೇಳಿದವರು, ದಾವಣಗೆರೆ: ಎರಡೂವರೆ ವರ್ಷದ ಮಗಳನ್ನು ದತ್ತು ತೆಗೆದುಕೊಂಡು ನಾಲ್ಕು ತಿಂಗಳಾಯಿತು. ಹುಟ್ಟಿದ ವಾರದಿಂದ ಶಿಶುಗೃಹದಲ್ಲಿದ್ದವಳು. ಬಿದ್ದರೂ ಅಳುವುದಿಲ್ಲ. ಹಾಲಿನವರು ಕೈ ಚಾಚಿದರೆ ಸಾಕು, ಅವರ ಕಂಕುಳೇರುತ್ತಾಳೆ. ನೆಂಟರೆಲ್ಲ ‘ಎಷ್ಟು ಹೊಂದಿಕೊಳ್ಳುವ ಕೂಸು’ ಎಂದು ಮೆಚ್ಚುತ್ತಾರೆ; ನನಗೆ ಮಾತ್ರ ಅಳುಕು. ಇಂಥ ಮಕ್ಕಳನ್ನು ಬೆಳೆಸಿದವರು ಇದ್ದೀರಾ?

ಶಿರಸಿಯ ತಾಯಿ: ನಿಮ್ಮ ಅಳುಕಿಗೆ ಅರ್ಥವಿದೆ. ನನ್ನ ಮಗನೂ ಹಾಗೆಯೇ ಇದ್ದ. ಈಗ ಅವನಿಗೆ ಒಂಬತ್ತು. ಅತ್ತರೆ ತನ್ನವರು ಬರುತ್ತಾರೆ ಎಂಬುದನ್ನು ಕೂಸು ತೊಟ್ಟಿಲಲ್ಲೇ ಕಲಿಯುತ್ತದೆ. ಹತ್ತು ತೊಟ್ಟಿಲಿಗೆ ಒಬ್ಬ ಆಯಾ ಇದ್ದರೆ ಎಲ್ಲಿಂದ ಕಲಿಯಬೇಕು? ನಾವು ಮೂರು ತಿಂಗಳು ಬೇರೆ ಯಾರಿಗೂ ಉಣಿಸಲು, ಮೀಯಿಸಲು, ಮಲಗಿಸಲು ಬಿಡಲಿಲ್ಲ. ‘ನನ್ನ ಕೈತುತ್ತು ವಿಷವೇ?’ ಎಂದು ಅತ್ತೆಯವರು ಮುನಿಸಿಕೊಂಡರು. ಕಥೆ ಹೇಳುವ ಕೆಲಸವನ್ನು ಅವರಿಗೇ ಒಪ್ಪಿಸಿದ ಮೇಲೆ ಸಮಾಧಾನವಾಯಿತು. ದಿಂಬಿನಡಿ ಇಡ್ಲಿ ಚೂರು ಬಚ್ಚಿಡುತ್ತಿದ್ದ. ಬೈಯದೆ, ಮಂಚದ ಪಕ್ಕ ಮಂಡಕ್ಕಿಯ ಡಬ್ಬಿ ಇಟ್ಟೆವು. ಬಿದ್ದಾಗ ಅವನು ಸುಮ್ಮನಿದ್ದರೂ ನಾನೇ ‘ಅಯ್ಯೋ, ನೋವಾಯಿತೇ’ ಎಂದು ಓಡಿ ಎತ್ತಿಕೊಳ್ಳುತ್ತಿದ್ದೆ. ಏಳನೆಯ ತಿಂಗಳಲ್ಲಿ ಮೊಣಕಾಲು ತರಚಿಕೊಂಡು, ಮೊದಲ ಸಲ ಅಳುತ್ತಾ ನನ್ನನ್ನೇ ಹುಡುಕಿಕೊಂಡು ಬಂದ. ಆ ದಿನ ಪಾಯಸ ಮಾಡಿದೆ.

ಮೈಸೂರಿನ ಮನಃಶಾಸ್ತ್ರ ಅಧ್ಯಾಪಕ: ಇದನ್ನೇ ರುಮೇನಿಯದಲ್ಲಿ ವರ್ಷಗಟ್ಟಲೆ ನೋಡಿದ್ದಾರೆ. ಆ ದೇಶದ ಸರ್ವಾಧಿಕಾರಿ ಚೌಷೆಸ್ಕು 1966ರಲ್ಲಿ ಗರ್ಭಪಾತ ನಿಷೇಧಿಸಿದ ಮೇಲೆ ಅಲ್ಲಿನ ಅನಾಥಾಲಯಗಳು ತುಂಬಿ ತುಳುಕಿದವು. ಅಮೆರಿಕದ ಸಂಶೋಧಕ ಚಾರ್ಲ್ಸ್ ನೆಲ್ಸನ್ ಮತ್ತು ಸಂಗಡಿಗರು 2000ದಲ್ಲಿ ರಾಜಧಾನಿ ಬುಕಾರೆಸ್ಟ್‌ನ ಅನಾಥಾಲಯಗಳಲ್ಲಿದ್ದ 136 ಮಕ್ಕಳ ಅಧ್ಯಯನ ಆರಂಭಿಸಿ, ಚೀಟಿ ಎತ್ತಿದಂತೆ ಅರ್ಧದಷ್ಟು ಮಕ್ಕಳನ್ನು ಸಾಕು ಮನೆಗಳಿಗೆ ಕಳುಹಿಸಿದರು. ಎರಡು ವರ್ಷದೊಳಗೆ ಹೋದವರ ಮಿದುಳಿನ ವಿದ್ಯುತ್ ಅಲೆಗಳು ಎಂಟನೆಯ ವಯಸ್ಸಿಗೆ ಹೆತ್ತವರ ಬಳಿಯೇ ಬೆಳೆದ ಮಕ್ಕಳವುಗಳಂತೆಯೇ ಇದ್ದವು. ‘ನಮ್ಮವಳಿಗೆ ಎರಡು ದಾಟಿತಲ್ಲ’ ಎಂದು ಕೊರಗಬೇಡಿ. ತಡವಾಗಿ ಹೋದವರಿಗೂ ಮನೆಯಿಂದ ಪ್ರಯೋಜನವಾಗಿದೆ. ಅಪರಿಚಿತರ ಹಿಂದೆ ಹೋಗುವ ಚಾಳಿ ಮಾತ್ರ ಬೇಗ ಬಿಡುವಂಥದ್ದಲ್ಲ, ತಾಳ್ಮೆ ಬೇಕು.

ಹಾವೇರಿಯ ಅಂಗನವಾಡಿ ಕಾರ್ಯಕರ್ತೆ: ಮೊದಲು ಕಿವಿ ಪರೀಕ್ಷೆ ಮಾಡಿಸಿ, ಮಾತು ಎಷ್ಟು ಬಂದಿದೆ ನೋಡಿಸಿ. ಜಿಲ್ಲಾ ಆಸ್ಪತ್ರೆಯಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಶೀಘ್ರ ಮಧ್ಯಸ್ಥಿಕೆ ಕೇಂದ್ರ (ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಕೇಂದ್ರ) ಇದೆಯೇ ವಿಚಾರಿಸಿ. ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗವಿದೆ. ನಾನೇ ಹೀಗೆ ಹೇಳಬಾರದು, ಆದರೂ ಅಂಗನವಾಡಿಗೆ ಸೇರಿಸಲು ಆತುರಪಡಬೇಡಿ.

ಕೇಳಿದವರು: ಎಲ್ಲರಿಗೂ ಧನ್ಯವಾದ. ‘ಮಾತನಾಡಿಸಿ, ಎತ್ತಿಕೊಳ್ಳಬೇಡಿ’ ಎಂದು ಹಾಲಿನವರಿಗೆ ಇಂದು ಹೇಳಿದೆ. ಪಾಪ, ಅವರ ಮುಖ ಸಣ್ಣದಾಯಿತು. ಭಾನುವಾರ ನಮ್ಮ ಅತ್ತೆಯವರು ಬರುತ್ತಾರೆ. ಕಥೆಯ ಉಪಾಯ ಅವರಿಗೆ ಒಪ್ಪಿಗೆಯಾಗುತ್ತದೆಯೇ ನೋಡಬೇಕು.