ಪದಚರ್ಚೆ: ‘ಹೊಲಿಗೆರಹಿತ ಕವಾಟ’ – ಎಲ್ಲಿ ಹೊಲಿಗೆ ಇಲ್ಲ?

ಪ್ರಶ್ನೆ (ಶಿರಸಿಯಿಂದ):

ಹೃದಯದ ಶಸ್ತ್ರಚಿಕಿತ್ಸೆಗೆ ಹೋಗುವವರಿಗೆಂದು ಸಿದ್ಧವಾಗುತ್ತಿರುವ ಕನ್ನಡ ಕೈಪಿಡಿಯೊಂದರಲ್ಲಿ ‘ಸೂಚರ್‌ಲೆಸ್ ವಾಲ್ವ್’ಗೆ ‘ಹೊಲಿಗೆರಹಿತ ಕವಾಟ’, ‘ಮಿನಿಮಲಿ ಇನ್ವೇಸಿವ್’ಗೆ ‘ಕನಿಷ್ಠ ಆಕ್ರಮಣಕಾರಿ’ ಎಂದಿದೆ. ಎರಡನೆಯದು ಕಿವಿಗೇ ಒಗ್ಗುವುದಿಲ್ಲ. ಮೊದಲನೆಯದು ಓದಲು ಸಲೀಸು, ಆದರೆ ಇಲ್ಲಿಯ ಜನ ಅದನ್ನು ‘ಹೊಲಿಗೆನೇ ಇಲ್ಯಡ’ ಎಂದೇ ತಿಳಿಯುತ್ತಾರೆ. ಎದೆಯ ಮೇಲೂ ಹೊಲಿಗೆ ಇರದು, ಬೇಗ ತೋಟಕ್ಕೆ ಇಳಿಯಬಹುದು ಎಂಬ ಲೆಕ್ಕ ಹಾಕುತ್ತಾರೆ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ (ಕಾರವಾರದಿಂದ):

ನಿಮ್ಮ ಅನುಮಾನ ಸರಿ. ‘ರಹಿತ’ವನ್ನು ಕವಾಟಕ್ಕೆ ಅಂಟಿಸಿದ ಕೂಡಲೇ ಅದು ಕವಾಟದ ಗುಣವಾಗಿಬಿಡುತ್ತದೆ. ಹೃದಯದಿಂದ ಮಹಾಧಮನಿ ಹೊರಡುವಲ್ಲಿ, ಕೆಟ್ಟ ಕವಾಟದ ಬದಲಿಗೆ ಹಾಕುವ ಪರ್ಸಿವಲ್ ಎಂಬ ಕವಾಟವನ್ನೇ ನೋಡಿ. ದನದ ಹೃದಯದ ಹೊರಚೀಲದ ಪೊರೆಯನ್ನು ನಿಕಲ್–ಟೈಟಾನಿಯಂ ಮಿಶ್ರಲೋಹದ (ನಿಟಿನಾಲ್) ಚೌಕಟ್ಟಿಗೆ ಹೊಲಿದೇ ಅದನ್ನು ಮಾಡಿದ್ದಾರೆ. ಮಹಾಧಮನಿಯನ್ನು ತೆರೆದ ಜಾಗಕ್ಕೂ ಹೊಲಿಗೆ ಬೇಕು, ಚರ್ಮಕ್ಕೂ ಬೇಕು, ಎದೆಮೂಳೆ ಸೀಳಿದ್ದರೆ ಉಕ್ಕಿನ ತಂತಿಯಿಂದ ಬಿಗಿಯಬೇಕು. ಹೊಲಿಗೆ ಇಲ್ಲದಿರುವುದು ಒಂದೇ ಕಡೆ, ಕವಾಟಕ್ಕೂ ಮಹಾಧಮನಿಯ ಬುಡದಲ್ಲಿ ಅದು ಕೂರುವ ಬಳೆಯಾಕಾರದ ಅಂಚಿಗೂ (‘ಬಳೆ’) ನಡುವೆ. ಮಾಮೂಲಿ ಕವಾಟಕ್ಕೆ ಆ ಬಳೆಯ ಸುತ್ತ 12ರಿಂದ 15 ಹೊಲಿಗೆ, ಪ್ರತಿಯೊಂದಕ್ಕೂ ಹಲವು ಗಂಟು. ಅಷ್ಟು ಹೊತ್ತೂ ಹೃದಯ ನಿಂತಿರಬೇಕು, ಸಣ್ಣ ಗಾಯದೊಳಗೆ ಗಂಟು ಬಿಗಿಯುವುದು ಇನ್ನೂ ಕಷ್ಟ. ಆ ಹೊತ್ತನ್ನು ಉಳಿಸುವುದಕ್ಕೇ ಈ ಕವಾಟ.

ಹಾಗಾಗಿ ನಿಷೇಧವನ್ನು ಕ್ರಿಯೆಗೆ ಹಾಕೋಣ: ‘ಹೊಲಿಯದೆ ಕೂರಿಸುವ ಕವಾಟ’. ಎರಡಕ್ಷರ ಹೆಚ್ಚಾದರೂ ಅರ್ಥ ಕೆಡುವುದಿಲ್ಲ. 2025ರ ಮೇ 21ರಂದು ನಮ್ಮ ಕಾರವಾರದ ನೆಲೆಯಲ್ಲಿ ನೌಕಾಪಡೆಗೆ ಸೇರಿದ ‘ಕೌಂಡಿನ್ಯ’ ಹಡಗಿನ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದಿದ್ದಾರೆ. ‘ಹೊಲಿದ ಹಡಗು’ ಎಂದರೆ ಹಲಗೆಯನ್ನು ಹಿಡಿದಿರುವುದು ಏನೆಂದು ತಿಳಿಯುತ್ತದೆ, ‘ಮೊಳೆರಹಿತ ಹಡಗು’ ಎಂದರೆ ತಿಳಿಯದು. ಇಲ್ಲೂ ಹಾಗೆಯೇ.

‘ಕೂರಿಸುವ’ ಎಂಬುದು ಕೆಲಸಕ್ಕೂ ಹೊಂದುತ್ತದೆ. ಹಳೆಯ ಕವಾಟದ ಸುಣ್ಣಗಟ್ಟಿದ ಎಸಳುಗಳನ್ನು ಕತ್ತರಿಸಿ ತೆಗೆದು, ಬಳೆಯ ಅಳತೆ ನೋಡುತ್ತಾರೆ. ಮೂರು ಎಸಳುಗಳ ತೀರಾ ಕೆಳಗಿನ ಬಿಂದುಗಳಲ್ಲಿ ಒಂದೊಂದರಂತೆ ಮೂರು ದಾರಿತೋರುವ ನೂಲು ಹಾಕಿ, ಮುದುಡಿದ ಕವಾಟವನ್ನು ಅವುಗಳ ಮೇಲೆ ಜಾರಿಸಿ ಇಳಿಸುತ್ತಾರೆ. ಬಿಟ್ಟಾಗ ಅದು ತಾನೇ ಅರಳುತ್ತದೆ. ಬಲೂನಿನಿಂದ 4 ಅಟ್ಮಾಸ್ಫಿಯರ್ ಒತ್ತಡದಲ್ಲಿ 30 ಸೆಕೆಂಡು ಒತ್ತಿ, 37 ಡಿಗ್ರಿಯ ಬೆಚ್ಚಗಿನ ಸಲೈನ್ ಹಾಯಿಸುತ್ತಾರೆ. ಬಿಸಿ ತಾಗಿದರೆ ನಿಟಿನಾಲ್ ತನ್ನ ಆಕಾರಕ್ಕೆ ಪೂರ್ತಿ ಬರುತ್ತದೆ. ಆಮೇಲೆ ಮೂರೂ ನೂಲು ಹೊರಗೆ. ಇಂಟ್ಯೂಟಿ ಎಂಬ ಇನ್ನೊಂದು ಕವಾಟದಲ್ಲಿ ಆ ಮೂರು ನೂಲು ಅಲ್ಲೇ ಗಂಟಾಗಿ ಉಳಿಯುತ್ತವೆ, ಆದ್ದರಿಂದ ಅದನ್ನು ‘ಬೇಗ ಕೂರಿಸುವ ಕವಾಟ’ ಎನ್ನಬೇಕೇ ಹೊರತು ‘ಹೊಲಿಯದೆ’ ಎನ್ನಬಾರದು.

ತೊಂದರೆಗಳಿಗೂ ಇದೇ ಮಾತು ಸಾಕು. ಬಳೆಯಲ್ಲಿ ಸುಣ್ಣದ ಗಡ್ಡೆ ಉಳಿದರೆ ಕವಾಟ ಓರೆಯಾಗಿ ಕೂತು ಪಕ್ಕದಿಂದ ರಕ್ತ ಸೋರುತ್ತದೆ. ಅಳತೆ ದೊಡ್ಡದಾದರೆ ಚೌಕಟ್ಟು ಪೂರ್ತಿ ಅರಳದೆ ಎಸಳು ಮಡಚಿಕೊಳ್ಳುತ್ತದೆ. ತೀರಾ ಕೆಳಗೆ ಕೂತರೆ ಹೃದಯಬಡಿತದ ವಿದ್ಯುತ್ ಹಾದಿ ಒತ್ತಿಹೋಗಿ ಪೇಸ್‌ಮೇಕರ್ ಬೇಕಾಗಬಹುದು.

‘ಆಕ್ರಮಣಕಾರಿ’ ಬೇಡವೇ ಬೇಡ. ‘ಕಿರುಗಾಯದ ಶಸ್ತ್ರಚಿಕಿತ್ಸೆ’ ಎನ್ನಿ. ‘ಕಿಂಡಿ ಶಸ್ತ್ರಚಿಕಿತ್ಸೆ’ ಎಂಬುದು ಸಣ್ಣ ತೂತುಗಳಿಂದ ಮಾಡುವ ಹೊಟ್ಟೆಯ ಲ್ಯಾಪರೋಸ್ಕೋಪಿಗೆ ಸರಿ. ಇಲ್ಲಿ ಎದೆಮೂಳೆಯ ಮೇಲರ್ಧವನ್ನಷ್ಟೇ ಸೀಳುತ್ತಾರೆ, ಇಲ್ಲವೇ ಬಲಗಡೆ ಪಕ್ಕೆಲುಬುಗಳ ನಡುವೆ ಹಾದಿ ಮಾಡುತ್ತಾರೆ. ಕೈಪಿಡಿಯಲ್ಲಿ ಒಂದು ಮಾತು ಬಿಡದೆ ಸೇರಿಸಿ: ಗಾಯ ಕಿರಿದು, ಶಸ್ತ್ರಚಿಕಿತ್ಸೆ ಕಿರಿದಲ್ಲ. ಹೃದಯ–ಶ್ವಾಸಕೋಶ ಯಂತ್ರ ಬೇಕೇ ಬೇಕು. ಸೀಳಿದ ಮೂಳೆ ಕೂಡಲು ವಾರಗಳು ಹಿಡಿಯುತ್ತವೆ, ಅಡಿಕೆ ಗೊನೆ ಹೊರುವುದನ್ನು ವೈದ್ಯರು ಹೇಳುವವರೆಗೆ ಮುಟ್ಟಬಾರದು.

ಮರುಪ್ರಶ್ನೆ (ಶಿರಸಿಯಿಂದ):

ಉಪಕಾರವಾಯಿತು. ತೊಡೆಯ ರಕ್ತನಾಳದಿಂದ ಹಾಕುವ ‘ಟಾವಿ’ಗೂ ಹೊಲಿಗೆ ಇಲ್ಲವಲ್ಲ? ಮತ್ತೆ, ಹೊಲಿಯದೆ ಕೂರಿಸುವ ಕವಾಟದ ಬಗ್ಗೆ ‘ದ್ವಿದಳ ಕವಾಟ ಇರುವವರಿಗೆ ಇದು ಆಗದು’ ಎಂಬ ಸಾಲೂ ಕೈಪಿಡಿಯಲ್ಲಿದೆ.

ಉತ್ತರ (ಕಾರವಾರದಿಂದ):

ಟಾವಿಯಲ್ಲಿ ಹಳೆಯ ಕವಾಟವನ್ನು ತೆಗೆಯುವುದಿಲ್ಲ, ಗೋಡೆಗೆ ಒತ್ತಿ ಅದರೊಳಗೇ ಹೊಸದನ್ನು ಅರಳಿಸುತ್ತಾರೆ. ಅದಕ್ಕೆ ‘ನಳಿಕೆಯ ಮೂಲಕ ಕೂರಿಸುವ ಕವಾಟ’ ಎಂದರೆ ಎರಡೂ ಬೇರೆ ಬೇರೆಯಾಗಿ ಉಳಿಯುತ್ತವೆ.

ಆ ಸಾಲನ್ನು ಮಾತ್ರ ಈಗಲೇ ತಿದ್ದಿಸಿ. ಶಾಲೆಯ ಪುಸ್ತಕಗಳಲ್ಲಿ ‘ದ್ವಿದಳ ಕವಾಟ’ ಎಂದರೆ ಎಡ ಹೃತ್ಕರ್ಣ ಮತ್ತು ಎಡ ಹೃತ್ಕುಕ್ಷಿಯ ನಡುವಿನ ಮೈಟ್ರಲ್ ಕವಾಟ, ಅದು ಎಲ್ಲರಿಗೂ ಇರುತ್ತದೆ! ಇಲ್ಲಿ ಹೇಳಬೇಕಾದದ್ದು ಮೂರು ಎಸಳಿನ ಬದಲು ಹುಟ್ಟಿನಿಂದಲೇ ಎರಡೇ ಎಸಳಿರುವ ಮಹಾಧಮನಿ ಕವಾಟ. ಅಂಥವರಲ್ಲಿ ಬಳೆ ಮೊಟ್ಟೆಯಾಕಾರಕ್ಕೆ ತಿರುಗಿರಬಹುದು, ದುಂಡನೆಯ ಚೌಕಟ್ಟು ಅದರಲ್ಲಿ ಸರಿಯಾಗಿ ಕೂರದು. ‘ಎರಡೆಸಳಿನ ಮಹಾಧಮನಿ ಕವಾಟ’ ಎಂದು ಪೂರ್ತಿಯಾಗಿ ಬರೆಯಿರಿ.