ಇಲಿ ಮೂಲೆ ಹಿಡಿದು ಕೂತರೆ ತಪ್ಪು ಜೀನ್‌ದೋ, ಕೋಣೆದೋ?

ಪ್ರಶ್ನೆ (ಪಿಎಚ್‌ಡಿ ಎರಡನೇ ವರ್ಷ, ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನಾನು ಫ್ರಜೈಲ್ ಎಕ್ಸ್ ಇಲಿಗಳ ನಡವಳಿಕೆ ನೋಡುತ್ತಿದ್ದೇನೆ. ಗೊತ್ತಿಲ್ಲದವರಿಗೆ ಎರಡು ಮಾತು: ಎಕ್ಸ್ ಕ್ರೋಮೋಸೋಮಿನಲ್ಲಿ ಎಫ್‌ಎಂಆರ್1 ಅಂತ ಒಂದು ಜೀನ್ ಇದೆ. ಅದರಲ್ಲಿ ಸಿಜಿಜಿ ಎಂಬ ಮೂರಕ್ಷರ 200ಕ್ಕಿಂತ ಜಾಸ್ತಿ ಸಲ ಬಂದರೆ ಜೀನ್ ಬಾಯಿ ಮುಚ್ಚಿಕೊಳ್ಳುತ್ತದೆ. ಅಂಥ ಮಕ್ಕಳಿಗೆ ಕಲಿಕೆ ಕಷ್ಟ, ಎಷ್ಟೋ ಮಕ್ಕಳಲ್ಲಿ ಆಟಿಸಂ ಲಕ್ಷಣವೂ ಇರುತ್ತದೆ. ಈ ಜೀನ್ ಕೆಡಿಸಿದ ಇಲಿ 1994ರಲ್ಲೇ ಬಂದಿದೆ.

ನಾನು ಮಾಡುತ್ತಿರುವುದು ಮೂರು ಕೋಣೆ ಟೆಸ್ಟ್, ಇಲಿ ಇನ್ನೊಂದು ಇಲಿಯ ಸಂಗ ಬಯಸುತ್ತದಾ ಅಂತ ನೋಡುವುದು. ನಡುಕೋಣೆಯಲ್ಲಿ ನಮ್ಮ ಇಲಿ. ಒಂದು ಪಕ್ಕ ತಂತಿ ಬುಟ್ಟಿಯೊಳಗೆ ಹೊಸ ಇಲಿ, ಇನ್ನೊಂದು ಪಕ್ಕ ಬರೀ ಬುಟ್ಟಿ. ಹತ್ತು ನಿಮಿಷದಲ್ಲಿ ಯಾವ ಕಡೆ ಎಷ್ಟು ಹೊತ್ತು ಇತ್ತು ಅಂತ ಲೆಕ್ಕ. ಮೊದಲ ಬ್ಯಾಚಿನಲ್ಲಿ ಜೀನ್ ಇಲ್ಲದ ಇಲಿಗಳು ಹೊಸ ಇಲಿಯ ಕಡೆ ಹೋಗಲಿಲ್ಲ. ನನಗೆ ಖುಷಿಯೋ ಖುಷಿ. ಎರಡನೇ ಬ್ಯಾಚಿನಲ್ಲಿ ಏನೂ ವ್ಯತ್ಯಾಸ ಇಲ್ಲ. ಮೂರನೆಯದರಲ್ಲಿ ಮಾಮೂಲಿ ಇಲಿಗಳೂ ಮೂಲೆ ಹಿಡಿದವು! ಗೈಡ್ ಇನ್ನೊಂದು ಬ್ಯಾಚ್ ಮಾಡು ಅನ್ನುತ್ತಾರೆ. ಅನುಭವ ಇದ್ದವರು ಹೇಳಿರಿ.

ಉತ್ತರ (ಜೇವರ್ಗಿಯವ, ಈಗ ಬೆಂಗಳೂರಿನಲ್ಲಿ ಇದೇ ಕೆಲಸ)

ಮೊದಲು ಹೇಳಿರಿ, ಇಲಿ ಎತ್ತುವುದು ಹೇಗೆ? ಬಾಲ ಹಿಡಿದಾ?

ನಾನೂ ಎರಡು ವರ್ಷ ಬಾಲ ಹಿಡಿದೇ ಎತ್ತಿದವನು. ಹಾಗೆ ಎತ್ತಿದರೆ ಇಲಿಗೆ ಅಂಜಿಕೆ ಜಾಸ್ತಿ, ಕೊಳವೆಯಲ್ಲೋ ಬೊಗಸೆಯಲ್ಲೋ ಎತ್ತಿದರೆ ಕಡಿಮೆ ಅಂತ 2010ರಲ್ಲೇ ಜೇನ್ ಹರ್ಸ್ಟ್, ರೆಬೆಕಾ ವೆಸ್ಟ್ ತೋರಿಸಿದ್ದಾರೆ. ಓದಿದ್ದೆ, ಮಾಡಿರಲಿಲ್ಲ. ಆಮೇಲೆ ಪ್ರತಿ ಪಂಜರದಲ್ಲೂ ಒಂದು ಪಿವಿಸಿ ಪೈಪಿನ ತುಂಡು ಇಟ್ಟೆ. ಮೊದಲು ಮುಚ್ಚಳ ತೆಗೆದರೆ ಹಾಸಿನೊಳಗೆ ನುಗ್ಗುತ್ತಿದ್ದವು. ಎಂಟು ದಿನ ಆದ ಮೇಲೆ ತಾವೇ ಪೈಪಿನೊಳಗೆ ಬಂದು ಕೂರತೊಡಗಿದವು. ಎತ್ತಿದರೆ ಪೈಪಿನ ಬಾಯಲ್ಲಿ ಮೀಸೆ ಆಡಿಸುತ್ತಾ ಹೊರಗೆ ನೋಡುತ್ತಿದ್ದವು, ಆಟೋದಲ್ಲಿ ಕೂತವರ ಹಾಗೆ.

ಇನ್ನೊಂದು, ಟೆಸ್ಟ್ ಮಾಡುವವರು ಯಾರು? ಗಂಡಸರ ಮೈವಾಸನೆಗೇ ಇಲಿಗಳ ಒತ್ತಡ ಏರುತ್ತದೆ ಅಂತ 2014ರಲ್ಲಿ ಬಂತು. ಹಾಕಿ ಬಿಟ್ಟ ಟೀ ಶರ್ಟ್ ಇಟ್ಟರೂ ಸಾಕಂತೆ. ಒಂದು ಬ್ಯಾಚ್ ನೀವು, ಇನ್ನೊಂದು ಬ್ಯಾಚ್ ನಿಮ್ಮ ಸೀನಿಯರ್ ಹುಡುಗ ಮಾಡಿದ್ದರೆ ಅಲ್ಲೇ ಒಂದು ಗಂಟು ಬಿತ್ತು.

ಹಾಗಂತ ಎದೆಗುಂದಬೇಡಿ. 1999ರಲ್ಲಿ ಆಲ್ಬನಿ, ಎಡ್ಮಂಟನ್, ಪೋರ್ಟ್‌ಲ್ಯಾಂಡ್ ಮೂರೂರಿನ ಲ್ಯಾಬ್‌ನವರು ಅದೇ ತಳಿ, ಅದೇ ಉಪಕರಣ, ಅದೇ ಹೊತ್ತು ಅಂತ ಹಟ ಹಿಡಿದು ಮಾಡಿದರು. ಆದರೂ ಕೆಲವು ಫಲಿತಾಂಶ ಊರಿಗೊಂದು ಥರ ಬಂತು.

ಉತ್ತರ (ಪಶುವೈದ್ಯೆ, ಬೀದರ್)

ತಂಗಿ, ತಳಿ ಯಾವುದು ಅಂತ ಬರೆದೇ ಇಲ್ಲ ನೀನು. ಎಫ್‌ವಿಬಿ ಆದರೆ ಅವಕ್ಕೆ ಮೂರ್ನಾಲ್ಕು ವಾರದೊಳಗೇ ಕಣ್ಣು ಹೋಗಿರುತ್ತದೆ. ಜೀನ್ ಇದ್ದವಕ್ಕೂ ಅಷ್ಟೆ, ಇಲ್ಲದವಕ್ಕೂ ಅಷ್ಟೆ. ಅವನ್ನು ನೀರಿನ ತೊಟ್ಟಿಗೆ ಬಿಟ್ಟು, ಸುತ್ತಲಿನ ಗುರುತು ನೋಡಿ ದಾರಿ ಕಲಿಯಲಿಲ್ಲ ಅಂದರೆ ಏನು ಅರ್ಥ? ಸಿ57 ಬ್ಲ್ಯಾಕ್ 6 ಆದರೆ ಕಣ್ಣು ಪರವಾಗಿಲ್ಲ, ವಯಸ್ಸಾದಂತೆ ಕಿವಿ ಮಂದ ಆಗುತ್ತದೆ. ಟೆಸ್ಟಿನ ದಿನ ಪ್ರತಿ ಇಲಿಯ ವಯಸ್ಸು ಬರೆದಿಟ್ಟಿದ್ದೀಯಾ?

ಕಿವಿಯ ಮಾತು ಬಂತು ಅಂತ ಹೇಳುತ್ತೇನೆ. ನಾನು ಓದುವಾಗ ಒಂದು ಸಲ ಕೈಯಿಂದ ಕೀಗೊಂಚಲು ಜಾರಿ ಸ್ಟೀಲ್ ಟೇಬಲ್ ಮೇಲೆ ಬಿತ್ತು. ಪಂಜರದಲ್ಲಿ ಇದೇ ನಿನ್ನ ಫ್ರಜೈಲ್ ಎಕ್ಸ್ ಮರಿಗಳು, ಮೂರು ವಾರದವು. ಒಂದು ಮರಿ ಗಿರಗಿರ ಸುತ್ತಿ ಓಡಿ, ಮಗ್ಗುಲಿಗೆ ಬಿದ್ದು ಕಾಲು ಬಡಿಯತೊಡಗಿತು. ಜೋರು ಸದ್ದಿಗೆ ಫಿಟ್ಸ್ ಬರುವುದು ಈ ಇಲಿಗಳ ಗುರುತೇ. ಇನ್ನು ನಮ್ಮ ಕಡೆ ಕರೆಂಟ್ ಹೋಗುವುದು, ಜನರೇಟರ್ ಗುಡುಗುವುದು ಹೊಸದಲ್ಲ, ಅಲ್ವಾ? ನಮ್ಮ ಕಿವಿ 20 ಕಿಲೋಹರ್ಟ್ಸ್‌ಗೆ ನಿಲ್ಲುತ್ತದೆ, ಇಲಿಯದು ಅದರಾಚೆ ಬಹಳ ದೂರ ಹೋಗುತ್ತದೆ. ನಮಗೆ ಕೋಣೆ ಸುಮ್ನೆ ಇದೆ ಅನ್ನಿಸಿದರೂ ಅವಕ್ಕೆ ಹಾಗಿರಬೇಕು ಅಂತಿಲ್ಲ.

ಮತ್ತೆ ಬಿಸಿಲು. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇರುವಾಗ ಎಸಿ ಒಂದು ತಾಸು ನಿಂತರೆ ಯಾವ ಇಲಿ ಗೆಳೆತನ ಮಾಡುತ್ತದೆ? ಗರಿಷ್ಠ, ಕನಿಷ್ಠ ಎರಡೂ ತೋರಿಸುವ ಥರ್ಮಾಮೀಟರ್ ಗೋಡೆಗೆ ಹಾಕು. ಇನ್ನೊಂದು ಬ್ಯಾಚ್ ಮಾಡುವ ಮೊದಲು ಎಥಿಕ್ಸ್ ಕಮಿಟಿ ಒಪ್ಪಿದ ಸಂಖ್ಯೆಯಲ್ಲಿ ಎಷ್ಟು ಉಳಿದಿದೆ ಅಂತಲೂ ನೋಡಿಕೋ.

ಉತ್ತರ (ಸಂಖ್ಯಾಶಾಸ್ತ್ರ ಮೇಷ್ಟ್ರು, ಯಾದಗಿರಿ)

ನನಗೆ ಇಲಿ ಗೊತ್ತಿಲ್ಲ, ಲೆಕ್ಕ ಗೊತ್ತು. ಎಷ್ಟು ಇಲಿ ಅಂತ ಕೇಳುವುದಿಲ್ಲ, ಎಷ್ಟು ತಾಯಂದಿರ ಮರಿಗಳು? ಒಂದೇ ಹೊಲದ ಎಂಟು ಚೀಲ ತೊಗರಿ ನೋಡಿ ಜಿಲ್ಲೆಯ ಬೆಳೆ ಹೇಗಿದೆ ಅಂತ ಹೇಳಿದ ಹಾಗಾಗುತ್ತದೆ ಒಂದೇ ಸೂಲಿನ ಎಂಟು ಮರಿ ಎಣಿಸಿದರೆ. ಒಂದು ಎಕ್ಸ್‌ನಲ್ಲಿ ಮಾತ್ರ ಜೀನ್ ಕೆಟ್ಟ ತಾಯಿ, ಮಾಮೂಲಿ ತಂದೆ ಇಟ್ಟರೆ ಗಂಡುಮರಿಗಳಲ್ಲಿ ಸುಮಾರು ಅರ್ಧ ಜೀನ್ ಕೆಟ್ಟವು, ಅರ್ಧ ಮಾಮೂಲಿ. ಅಣ್ಣತಮ್ಮಂದಿರನ್ನೇ ಹೋಲಿಸಿ. ವಿಡಿಯೋ ನೋಡಿ ಅಂಕ ಹಾಕುವವರಿಗೆ ಯಾವುದು ಯಾವ ಇಲಿ ಅಂತ ಗೊತ್ತಾಗಬಾರದು.

ಉತ್ತರ (ಒಬ್ಬ ತಾಯಿ, ಕಲಬುರಗಿ)

ನಾನು ಸುಮ್ನೆ ಓದುವವಳು. ನನ್ನ ಮಗನಿಗೆ ಫ್ರಜೈಲ್ ಎಕ್ಸ್, ಈಗ 11 ವರ್ಷ. ಮಿಕ್ಸರ್ ಹಾಕಿದರೆ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಓಡುತ್ತಾನೆ. ಕೀಗೊಂಚಲಿನದು ಓದಿ ಹೊಟ್ಟೆ ಚುರ್ರ್ ಅಂದಿತು.

ಒಂದು ಮಾತು ಕೇಳಲೇ? ಅವನಿಗೆ ಜನ ಬೇಡ ಅಂತಲ್ಲ. ಯಾರಾದರೂ ಬಂದರೆ ಮೊದಲು ಬಾಗಿಲಿಗೆ ಓಡುವವನೇ ಅವನು. ಆದರೆ ಕೈ ಕೊಡುವಾಗ ಮುಖ ಗೋಡೆ ಕಡೆ. ಆಮೇಲೆ ಒಳಗೆ ಹೋಗಿ ಪರದೆ ಸಂದಿಯಿಂದ ನೋಡುತ್ತಾನೆ. ನಿಮ್ಮ ಮೂರು ಕೋಣೆಯ ಪೆಟ್ಟಿಗೆ ಅವನಿಗೆ ಏನು ಅಂಕ ಹಾಕುತ್ತದೆ? ಮತ್ತೆ, ಈ ಇಲಿಗಳಿಂದ ಔಷಧಿ ಬರುತ್ತದಾ?

ಮತ್ತೆ ಜೇವರ್ಗಿಯವ

ಅಕ್ಕಾ, ಔಷಧಿಯದು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಮಿದುಳಿನ ಕೋಶಗಳಲ್ಲಿ ಸಂಕೇತ ಹಿಡಿಯುವ ಎಂಗ್ಲುಆರ್5 ಎಂಬ ಗ್ರಾಹಕದ (ರಿಸೆಪ್ಟರ್) ಕೆಲಸ ತಗ್ಗಿಸಿದರೆ ಈ ಇಲಿಗಳು ಬಹಳ ಸುಧಾರಿಸಿದವು. ಅದೇ ದಾರಿಯ ಮಾವೊಗ್ಲುರಾಂಟ್ ಎಂಬ ಔಷಧಿಯನ್ನು ಹದಿಹರೆಯದವರಿಗೂ ದೊಡ್ಡವರಿಗೂ ಕೊಟ್ಟು ನೋಡಿದರು. ಅಂದುಕೊಂಡ ಗುಣ ಕಾಣಲಿಲ್ಲ, 2016ರಲ್ಲಿ ಪ್ರಕಟವಾಯಿತು. ಕೊಡಲು ಶುರು ಮಾಡಿದ ವಯಸ್ಸು ತಡವಾಯಿತಾ, ಅಳತೆ ಮಾಡಿದ್ದೇ ತಪ್ಪಾಯಿತಾ, ಇನ್ನೂ ಜಗಳ ನಡೆದಿದೆ. ಆದರೆ ರೆಟ್ ಎಂಬ ಇನ್ನೊಂದು ಕಾಯಿಲೆಯ ಇಲಿಯಲ್ಲಿ ಜೀನ್ ಮತ್ತೆ ಚಾಲೂ ಮಾಡಿದಾಗ, ಬೆಳೆದ ಇಲಿಯೂ ಚೇತರಿಸಿಕೊಂಡಿತು. ಅದು 2007. ಹಾಗಾಗಿ ಕೈ ಬಿಡುವ ಮಾತಿಲ್ಲ.

ನಿಮ್ಮ ಮೊದಲ ಪ್ರಶ್ನೆಗೆ ಮಾತ್ರ ನನ್ನಲ್ಲಿ ಉತ್ತರ ಇಲ್ಲ. ಪೆಟ್ಟಿಗೆ ಹೊತ್ತು ಎಣಿಸುತ್ತದೆ, ಅಷ್ಟೆ.

ಕೇಳಿದವಳಿಂದ, ಹತ್ತು ದಿನ ಬಿಟ್ಟು

ಎಲ್ಲರಿಗೂ ಶರಣು. ನೋಟ್‌ಬುಕ್ ತೆಗೆದು ನೋಡಿದೆ. ಮೂರನೇ ಬ್ಯಾಚಿನ ಇಲಿಗಳನ್ನು ಪಂಜರ ತೊಳೆದ ಮಾರನೆ ದಿನವೇ ಟೆಸ್ಟ್ ಮಾಡಿದ್ದೇನೆ. ಅದೂ ಕೋಣೆಗೆ ತಂದ ಐದೇ ನಿಮಿಷಕ್ಕೆ. ಮೊದಲ ಬ್ಯಾಚಿಗೆ ಒಂದು ತಾಸು ಬಿಟ್ಟಿದ್ದೆ. ಬಾಲ ಹಿಡಿದೇ ಎತ್ತಿದ್ದು, ಹೌದು. ತಳಿ ಬ್ಲ್ಯಾಕ್ 6, ಡಾಕ್ಟರ್. ಸರ್, ಮೊದಲ ಬ್ಯಾಚಿನ ಮರಿಗಳೆಲ್ಲ ಎರಡೇ ತಾಯಂದಿರವು. ಆ ಖುಷಿಯನ್ನು ಸದ್ಯಕ್ಕೆ ಪಕ್ಕಕ್ಕೆ ಇಟ್ಟಿದ್ದೇನೆ.

ಅಕ್ಕಾ, ಪರದೆ ಸಂದಿಯ ಮಾತು ತಲೆಯಲ್ಲೇ ಕೂತಿತ್ತು. ಹಳೆ ವಿಡಿಯೋಗಳನ್ನು ಬೋರಿಸ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಹಾಕಿ ಮತ್ತೆ ನೋಡಿದೆ. ಯಾವುದು ಯಾವ ಇಲಿ ಅಂತ ನನಗೆ ಗೊತ್ತಾಗದ ಹಾಗೆ ಇಲಿ ನಂಬರ್ ನನ್ನ ತಂಗಿಯೇ ಮುಚ್ಚಿಟ್ಟಳು. ಒಂದು ಇಲಿ ನಡುಕೋಣೆಯಲ್ಲೇ ಹಿಂಗಾಲು ಊರಿ, ಮೈ ಉದ್ದ ಮಾಡಿ, ಹೊಸ ಇಲಿಯ ಕೋಣೆಯ ಬಾಗಿಲಿಗೆ ಮೂಗು ಚಾಚುತ್ತದೆ. ಮೂಸುತ್ತದೆ. ಪಟ್ಟನೆ ಹಿಂದೆ ಸರಿಯುತ್ತದೆ. ಮತ್ತೆ ಬರುತ್ತದೆ. ಹತ್ತು ನಿಮಿಷದಲ್ಲಿ 14 ಸಲ. ನನ್ನ ಹಳೆ ಲೆಕ್ಕದಲ್ಲಿ ಅದಕ್ಕೆ ಸೊನ್ನೆ ಇತ್ತು, ಯಾಕಂದರೆ ಹಿಂಗಾಲು ಒಳಗೆ ಬಂದೇ ಇಲ್ಲ. ಈಗ ಬಂದು ಹಿಂದೆ ಸರಿದದ್ದನ್ನೂ ಎಣಿಸುತ್ತಿದ್ದೇನೆ. ಒಂದು ಇಲಿಯಿಂದ ಏನೂ ಹೇಳಲಾಗದು, ಗೊತ್ತು. ಉಳಿದ ವಿಡಿಯೋ ಇನ್ನೂ 31 ಇವೆ.

ಜೇವರ್ಗಿ ಅಣ್ಣಾ, ಪೈಪ್ ಎಷ್ಟು ಇಂಚಿನದು ತರಲಿ?

ಜೇವರ್ಗಿಯವ

ಎರಡು ಇಂಚು. ಕೊಯ್ದ ಅಂಚು ಮರಳುಕಾಗದದಿಂದ ಉಜ್ಜಿ.